ಬಿಳಿಗಿರಿಯ ಹೊಲಗಳು: ಸೋಲಿಗರ ಬೇಸಾಯ ಎಲ್ಲಿ ಶುರುವಾಯಿತು, ಎಲ್ಲಿಗೆ ಬಂತು

ಸೋಲಿಗರು ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಎತ್ತರದ ಮರವೇರಿ ಹೆಜ್ಜೇನು ಕೀಳುವ ಮನುಷ್ಯ. ಚಿತ್ರ ಸುಳ್ಳಲ್ಲ. ಆದರೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಳೆಯ ಬದುಕಿನಲ್ಲಿ ಜೇನಿಗಿಂತ ಮೊದಲು ನಿಲ್ಲುವುದು ರಾಗಿ. ಹೊಟ್ಟೆಗೆ ರಾಗಿ, ಹಬ್ಬಕ್ಕೆ ರಾಗಿ, ದೇವರ ಎಡೆಗೂ ರಾಗಿ. ಅವರು ಬೆಟ್ಟದ ರೈತರು. ಜೇನು, ನೆಲ್ಲಿಕಾಯಿ, ಪಾಚಿ ಆಯುವವರು ಎಂದಷ್ಟೇ ಅವರನ್ನು ಗುರುತಿಸುವ ಹಾಗೆ ಮಾಡಿದ್ದು ಕಳೆದ ಐವತ್ತು ವರ್ಷಗಳ ಕಾನೂನು. ಈ ಬೇಸಾಯ ಹೇಗೆ ನಡೆಯುತ್ತಿತ್ತು ಎಂಬುದು ಅರ್ಥವಾಗದೆ, ಆಮೇಲೆ ನಡೆದ ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ.

ಮೊದಲು ನೆಲದ ಪರಿಚಯ. ಬಿಳಿಗಿರಿ ಸಾಲು ಪಶ್ಚಿಮ ಘಟ್ಟವನ್ನೂ ಪೂರ್ವ ಘಟ್ಟವನ್ನೂ ಜೋಡಿಸುವ ಜಾಗದಲ್ಲಿದೆ. ಬುಡದಲ್ಲಿ ಸುಮಾರು 600 ಮೀಟರ್ ಎತ್ತರ, ಕತ್ತರಿ ಬೆಟ್ಟದ ನೆತ್ತಿಯಲ್ಲಿ ಸುಮಾರು 1,800 ಮೀಟರ್. ಅಷ್ಟರೊಳಗೇ ಮುಳ್ಳುಕಾಡು, ಎಲೆಯುದುರುವ ಕಾಡು, ನಿತ್ಯಹಸಿರು, ಬೆಟ್ಟದ ಮಡಿಲುಗಳ ಗಿಡ್ಡ ಹಸಿರುಕಾಡಾದ ಶೋಲಾ, ಹುಲ್ಲುಗಾವಲು ಎಲ್ಲವೂ ಸಿಗುತ್ತವೆ. ಸೋಲಿಗರು ಇಲ್ಲಿ ಮಾತ್ರವಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿಯೂ ಗಡಿಯಾಚೆ ತಮಿಳುನಾಡಿನ ಸತ್ಯಮಂಗಲ, ಬರ್ಗೂರು ಕಾಡುಗಳಲ್ಲಿಯೂ ಇದ್ದಾರೆ. ಎಲ್ಲರೂ ಸೇರಿ ಸುಮಾರು 40,000 ಜನ. ಅವರ ನುಡಿ ಕನ್ನಡಕ್ಕೆ ಬಹಳ ಹತ್ತಿರದ್ದು, ಆದರೂ ಅದಕ್ಕೆ ತನ್ನದೇ ವ್ಯಾಕರಣವಿದೆ. ಮೈಸೂರು ಕಡೆಯವರಿಗೆ ಅರ್ಧ ತಿಳಿದು ಅರ್ಧ ಜಾರಿಹೋಗುವಂಥ ನುಡಿ.

ಇವರು ಎಲ್ಲಿಂದ ಬಂದರು ಎಂಬ ಪ್ರಶ್ನೆಗೆ ಶಾಸನದ ಉತ್ತರವಿಲ್ಲ, ಹಾಡಿನ ಉತ್ತರವಿದೆ. ಕಂಸಾಳೆಯವರು ರಾತ್ರಿಯಿಡೀ ಹಾಡುವ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಬರುತ್ತದೆ. ಸೋಲಿಗರ ನೀಲೇಗೌಡನ ಹೆಂಡತಿ ಸಂಕಮ್ಮ. ಗಂಡ ಅವಳ ಶೀಲವನ್ನು ಶಂಕಿಸಿ ಕಾಡಿನ ನಡುವೆ ಕಟ್ಟಿಹಾಕಿ ಹೋಗುತ್ತಾನೆ. ಮಾದೇಶ್ವರ ಬಂದು ಅವಳನ್ನು ಕಾಯುತ್ತಾನೆ, ಮಕ್ಕಳ ವರ ಕೊಡುತ್ತಾನೆ. ಹಾಗೆ ಹುಟ್ಟಿದವರು ಕಾರಯ್ಯ ಮತ್ತು ಬಿಲ್ಲಯ್ಯ. ಕಾಡಿನಲ್ಲಿ ಉಳಿದ ಕಾರಯ್ಯನ ಸಂತತಿ ತಾವೆಂದು ಸೋಲಿಗರು ಹೇಳಿಕೊಳ್ಳುತ್ತಾರೆ. ಬಿಲ್ಲಯ್ಯನ ಕಡೆಯವರು ಬಯಲಿನವರು. ಅಂದರೆ ಈ ಕತೆಯ ಪ್ರಕಾರ ಬೆಟ್ಟದವರೂ ಬಯಲಿನವರೂ ಅಣ್ಣತಮ್ಮಂದಿರ ಮಕ್ಕಳು. ಬಿಳಿಗಿರಿಯ ರಂಗನಾಥನಿಗಂತೂ ನಂಟು ಇನ್ನೂ ಸಲುಗೆಯದು. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದ ದೇವರು ಅವನು, ಹಾಗಾಗಿ ಅವರು ಅವನನ್ನು ಭಾವ ಎಂದೇ ಕರೆಯುತ್ತಾರೆ. ಬೇರೆಯವರು ಕೈಮುಗಿದು ನಿಲ್ಲುವ ಕಡೆ ಇವರು ಭಾವನನ್ನು ಹಾಡಿನಲ್ಲಿ ಛೇಡಿಸಬಲ್ಲರು. ಲಿಖಿತ ದಾಖಲೆಯೇ ಬೇಕೆಂದರೆ, ಟಿಪ್ಪು ಬಿದ್ದ ಮರುವರ್ಷ 1800ರಲ್ಲಿ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಈ ಬೆಟ್ಟಗಳ ಸೋಲಿಗರನ್ನು ಹೆಸರಿಸಿದ್ದಾನೆ.

ಸೋಲಿಗರಲ್ಲಿ ಕುಲಗಳಿವೆ, ಒಂದೇ ಕುಲದೊಳಗೆ ಮದುವೆಯಿಲ್ಲ. ಇದು ನಮಗೆ ಹೊಸದೇನಲ್ಲ. ಹೊಸದು ಎಂದರೆ ಕಾಡನ್ನೇ ಕುಲಗಳ ನಡುವೆ ಹಂಚಿಕೊಂಡಿರುವ ರೀತಿ. ಪ್ರತಿ ಕುಲಕ್ಕೂ ತನ್ನದೊಂದು ‘ಎಲ್ಲೆ’ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ ಮತ್ತು ಕಲ್ಲುಗುಡಿಯ ನೆಲೆಗಳು ಇರುತ್ತವೆ. ವೀರು ಎಂದರೆ ಭೂತ, ಅಬ್ಬಿ ಎಂದರೆ ಹರಿವ ನೀರಿನ ನೆಲೆ, ಕಲ್ಲುಗುಡಿ ಸತ್ತ ಹಿರಿಯರ ಜಾಗ. ಸೋಲಿಗ ಸಮುದಾಯದವರೇ ಆದ ಸಂಶೋಧಕ ಸಿ. ಮಾದೇಗೌಡ ಮತ್ತು ಜೊತೆಗಾರರು ಪೋಡುಗಳ, ಅಂದರೆ ಸೋಲಿಗರ ಪುಟ್ಟ ಊರುಗಳ, ಹಿರಿಯರೊಂದಿಗೆ ಕಾಡು ಅಲೆದು ಇಂಥ ನಾನೂರಕ್ಕೂ ಹೆಚ್ಚು ಜಾಗಗಳನ್ನು ನಕ್ಷೆಯ ಮೇಲೆ ಗುರುತಿಸಿದ್ದಾರೆ. ಇಲಾಖೆಯ ನಕ್ಷೆಯಲ್ಲಿ ಬರೀ ಹಸಿರು ಬಣ್ಣವಾಗಿದ್ದ ಕಡೆ ಹೆಸರುಗಳು ಕಿಕ್ಕಿರಿದಿವೆ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಮರ ಪ್ರವಾಸಿಗರಿಗೂ ಗೊತ್ತಿರುವ ಒಂದು ನೆಲೆ, ಅಷ್ಟೇ. ನನ್ನ ಮಟ್ಟಿಗೆ ಈ ಎಲ್ಲೆಯ ವಿಚಾರ ಸೋಲಿಗರ ಬದುಕಿನ ಅತ್ಯಂತ ಮುಖ್ಯ ಸಂಗತಿ. ಬೇಸಾಯಕ್ಕೆ ಕಾಡು ಎಲ್ಲಿ ಕಡಿಯಬಹುದು, ಎಲ್ಲಿ ಕೊಡಲಿ ಎತ್ತಬಾರದು ಎಂಬ ಪ್ರಶ್ನೆ ಈ ಎಲ್ಲೆಗಳಿಂದ ಬೇರೆಯಾಗಿ ನಿಲ್ಲುವುದಿಲ್ಲ.

ಇನ್ನು ಬೇಸಾಯ. ಇಂಥದ್ದನ್ನು ಕನ್ನಡದಲ್ಲಿ ಸಾಮಾನ್ಯವಾಗಿ ಕುಮರಿ ಎನ್ನುತ್ತೇವೆ. ಬೇಸಿಗೆಯ ಆರಂಭಕ್ಕೆ ಒಂದು ತುಂಡು ಕಾಡು ಆರಿಸಿಕೊಂಡು ಪೊದೆ, ಬಿದಿರು, ಸಣ್ಣ ಮರ ಸವರುವುದು. ಹಣ್ಣಿನ ಮರ, ಜೇನು ಕಟ್ಟುವ ಮರ, ದೇವರ ಮರಗಳಿಗೆ ಕೈ ಹಚ್ಚುವುದಿಲ್ಲ. ಕಡಿದ ಮರಗಳ ಬುಡವನ್ನೂ ಕೀಳುವುದಿಲ್ಲ. ಅವು ಮುಂದೆ ಚಿಗುರಬೇಕು. ಸವರಿದ್ದು ಬಿಸಿಲಿಗೆ ಗರಿಗರಿಯಾಗಿ ಒಣಗಿದ ಮೇಲೆ, ಮುಂಗಾರಿಗೆ ಮುನ್ನ ಬೆಂಕಿ. ಒಂದೆರಡು ಹದ ಮಳೆ ಬಿದ್ದ ಮೇಲೆ ಬೂದಿ ಕಲೆತ ನೆಲಕ್ಕೆ ರಾಗಿ ಎರಚಿ ಗುದ್ದಲಿಯಲ್ಲಿ ಮೇಲುಮೇಲೆ ಕೆದಕುವುದು. ನೇಗಿಲಿಲ್ಲ, ಎತ್ತಿಲ್ಲ. ಇಳಿಜಾರಿನಲ್ಲಿ ಉತ್ತರೆ ಮೇಲ್ಮಣ್ಣು ಮಳೆಯ ಜೊತೆ ಹಳ್ಳ ಸೇರುತ್ತದೆ, ಆದ್ದರಿಂದ ನೇಗಿಲು ಇಲ್ಲದಿರುವುದೇ ಇಲ್ಲಿ ಜಾಣತನ.

ರಾಗಿಯೊಂದನ್ನೇ ಬಿತ್ತುವುದಿಲ್ಲ. ಅದರೊಡನೆ ಸಾಸಿವೆ, ಕೀರೆ, ಅವರೆ, ತೊಗರಿ, ಜೋಳ, ನವಣೆ, ಅಂಚಿಗೆ ಕುಂಬಳ. ಬಯಲಿನ ರೈತ ಮುಖ್ಯ ಬೆಳೆಯ ನಡುವೆ ಬಿತ್ತುವ ಅಕ್ಕಡಿಗೆ ಸಾಲಿನ ಶಿಸ್ತು ಇದೆ, ಇಲ್ಲಿ ಎಲ್ಲವೂ ಕಲಸುಮೇಲೋಗರ. ಹೊರಗಿನವರಿಗೆ ಅದು ಅಸ್ತವ್ಯಸ್ತ ಹೊಲವಾಗಿ ಕಾಣುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: ಕೀರೆ ಬಿತ್ತಿದ ತಿಂಗಳೊಪ್ಪತ್ತಿಗೇ ಸಾರಿಗೆ ಬರುತ್ತದೆ, ಕುಂಬಳದ ಬಳ್ಳಿ ನೆಲ ಮುಚ್ಚಿ ಕಳೆ ತಡೆಯುತ್ತದೆ, ಅವರೆ, ತೊಗರಿ ಮಣ್ಣಿಗೆ ಸಾರಜನಕ ಕೊಡುತ್ತವೆ, ಮಳೆ ಕೈಕೊಟ್ಟು ರಾಗಿ ಸೊರಗಿದ ವರ್ಷ ನವಣೆಯೋ ತೊಗರಿಯೋ ಉಳಿಯುತ್ತದೆ. ಒಂದೇ ಸಲ ಬಿತ್ತಿ ತಿಂಗಳುಗಟ್ಟಲೆ ಒಂದೊಂದಾಗಿ ಕೊಯ್ಯುವ ಹೊಲ ಅದು. ಉಳಿದ ಕೊರತೆ ತುಂಬಲು ಕಾಡಿನ ಸೊಪ್ಪು ಮತ್ತು ಗೆಡ್ಡೆಗಳಿವೆ. ಗೆಡ್ಡೆ ಅಗೆದರೆ ಬಳ್ಳಿಯ ಬುಡವನ್ನು ಒಂದು ತುಂಡು ಗೆಡ್ಡೆಯ ಸಮೇತ ಮತ್ತೆ ಮಣ್ಣಿನಲ್ಲಿ ಊರಿ ಬರುವುದು ಪದ್ಧತಿ. ಮುಂದಿನ ವರ್ಷಕ್ಕೆ ಅದೇ ಗುಂಡಿ ಮತ್ತೆ ಉಣಿಸಬೇಕಲ್ಲ.

ಕಷ್ಟದ ಕೆಲಸ ಕಾವಲು. ರಾಗಿ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಕಾಡುಹಂದಿ, ಕಡವೆ, ಆನೆ ಹೊಲದ ದಾರಿ ಹಿಡಿಯುತ್ತವೆ. ಹಗಲು ಗಿಳಿಗಳ ಹಿಂಡು. ಮರದ ಮೇಲೆ ಅಟ್ಟಣೆ ಕಟ್ಟಿ, ಕೆಳಗೆ ಬೆಂಕಿ ಉರಿಸಿ, ಕೂಗುತ್ತ, ಹಾಡುತ್ತ ರಾತ್ರಿ ಕಳೆಯಬೇಕು. ನಿದ್ದೆ ಮಾಡದಿರಲು ಹಾಡಬೇಕಾದವರಲ್ಲಿ ಹಾಡು ಇಷ್ಟು ಸೊಗಸಾಗಿ ಬೆಳೆದಿರುವುದು ಆಶ್ಚರ್ಯವಲ್ಲ ಎಂದು ನನಗೆ ಅನ್ನಿಸುವುದುಂಟು. ಇದು ನನ್ನ ಊಹೆ ಮಾತ್ರ. ಕೊಯ್ಲಾದ ಮೇಲೆ ರೊಟ್ಟಿ ಹಬ್ಬ. ಹೊಸ ರಾಗಿಯ ರೊಟ್ಟಿ ಸುಟ್ಟು ದೇವರಿಗೆ ಒಪ್ಪಿಸಿ, ಕುಲದವರೆಲ್ಲ ಕೂಡಿ ಉಂಡು ಕುಣಿಯುತ್ತಾರೆ.

ಎರಡು ಮೂರು ವರ್ಷ ಬೆಳೆದ ಮೇಲೆ ಆ ತುಂಡನ್ನು ಬಿಟ್ಟು ಬೇರೆಡೆಗೆ ಹೋಗುತ್ತಾರೆ. ಏಕೆ? ಸೋಮಾರಿತನ, ಅಲೆಮಾರಿ ಬುದ್ಧಿ ಎಂದೆಲ್ಲ ಹಳೆಯ ಅಧಿಕಾರಿಗಳು ಷರಾ ಬರೆದದ್ದುಂಟು. ಉತ್ತರ ಇರುವುದು ಮಣ್ಣಿನಲ್ಲಿ. ಬೆಟ್ಟದ ಮಣ್ಣು ಸೊಂಪಾದ ಕಾಡನ್ನು ಹೊತ್ತಿರಬಹುದು, ಆದರೆ ಅಲ್ಲಿನ ಸಾರದ ದೊಡ್ಡ ಪಾಲು ಮಣ್ಣಿನಲ್ಲಿರುವುದಿಲ್ಲ. ಮರ, ಬಳ್ಳಿ, ತರಗೆಲೆಗಳಲ್ಲಿ ಇರುತ್ತದೆ. ಸುಟ್ಟಾಗ ಅದರಲ್ಲಿನ ಪೊಟ್ಯಾಶ್, ರಂಜಕ, ಸುಣ್ಣದ ಅಂಶ ಬೂದಿಯಾಗಿ ನೆಲಕ್ಕಿಳಿಯುತ್ತವೆ. ಮಣ್ಣಿನ ಹುಳಿ ಕಡಿಮೆಯಾಗುತ್ತದೆ, ಮೇಲ್ಪದರದ ಕಳೆಬೀಜ ಮತ್ತು ಕೀಟ ಸಾಯುತ್ತವೆ. ಸಾರಜನಕ ಮಾತ್ರ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಆದ್ದರಿಂದ ಮೊದಲ ವರ್ಷ ರಾಗಿ ತೊನೆದಾಡುತ್ತದೆ, ಎರಡನೆಯ ವರ್ಷ ಪರವಾಗಿಲ್ಲ, ಮೂರನೆಯ ವರ್ಷ ಬೂದಿಯ ಬಲ ಮುಗಿದು ಕಳೆ ಕಾಟ ಶುರುವಾಗುತ್ತದೆ. ಆಗ ನೆಲವನ್ನು ಅದರ ಪಾಡಿಗೆ ಬಿಟ್ಟರೆ ಉಳಿದ ಬುಡಗಳು ಚಿಗುರಿ, ಬಿದಿರು ಏರಿ, ಹತ್ತು ಹದಿನೈದು ವರ್ಷಗಳಲ್ಲಿ ಮತ್ತೆ ಸಾರ ಕೂಡುತ್ತದೆ. ಬಯಲಿನವರು ಕೊಟ್ಟಿಗೆ ಗೊಬ್ಬರದಿಂದ ಮಾಡುವ ಕೆಲಸವನ್ನು ಇವರು ಕಾಲದಿಂದ ಮಾಡಿಸುತ್ತಾರೆ.

ಇಲ್ಲೊಂದು ಸರಳ ಲೆಕ್ಕ ಇಡೋಣ, ಮುಂದೆ ಬೇಕಾಗುತ್ತದೆ. ಒಂದು ಕುಟುಂಬಕ್ಕೆ ವರ್ಷಕ್ಕೆ 2 ಎಕರೆ ಬೇಕು, 2 ವರ್ಷ ಬೆಳೆದು 10 ವರ್ಷ ಬಿಡಬೇಕು ಎಂದುಕೊಳ್ಳಿ. ಆಗ 12 ವರ್ಷಗಳ ಸುತ್ತಿಗೆ 2 ಎಕರೆಯ ಆರು ತುಂಡು, ಒಟ್ಟು 12 ಎಕರೆ ಬೇಕಾಗುತ್ತದೆ. ಯಾವ ವರ್ಷ ಹೋಗಿ ನೋಡಿದರೂ 2 ಎಕರೆ ಮಾತ್ರ ಹೊಲವಾಗಿ ಕಾಣುತ್ತದೆ, ಉಳಿದ 10 ಎಕರೆ ಕಾಡಾಗಿ ಕಾಣುತ್ತದೆ. ಸೋಲಿಗರಿಗೆ ಅದು ವಿಶ್ರಾಂತಿಯಲ್ಲಿರುವ ಹೊಲ. ಸರ್ವೆಗೆ ಬಂದವನಿಗೆ ಯಾರಿಗೂ ಸೇರದ ಅಡವಿ. ಮುಂದಿನ ಜಗಳದ ಬೇರು ಈ ನೋಟದ ವ್ಯತ್ಯಾಸದಲ್ಲಿದೆ. ಹಾಗೆಂದು ಕುಮರಿ ಯಾವ ಕಾಲಕ್ಕೂ ಕಾಡಿಗೆ ಒಳ್ಳೆಯದೇ ಎಂದು ನಾನು ವಾದಿಸುವುದಿಲ್ಲ. ಜನ ಹೆಚ್ಚಿ, ನೆಲ ಕುಗ್ಗಿ, ಹತ್ತು ವರ್ಷದ ವಿಶ್ರಾಂತಿ ನಾಲ್ಕಕ್ಕೆ ಇಳಿದರೆ ಇದೇ ಪದ್ಧತಿ ಬೆಟ್ಟವನ್ನು ಬೋಳು ಮಾಡುತ್ತದೆ. ಎಲ್ಲವೂ ನಿಂತಿರುವುದು ಆ ಬಿಡುವಿನ ಮೇಲೆ.

ಹೊಲದ ಬೆಂಕಿಯಲ್ಲದೆ ಇನ್ನೊಂದು ಬೆಂಕಿಯಿದೆ: ತರಗು ಬೆಂಕಿ. ಚಳಿಗಾಲ ಮುಗಿಯುತ್ತಿದ್ದಂತೆ, ಹುಲ್ಲಿನ ಬುಡದಲ್ಲಿ ಇನ್ನೂ ಇಬ್ಬನಿಯ ಪಸೆ ಇರುವಾಗಲೇ, ಕಾಡಿನ ನೆಲದ ತರಗೆಲೆಗೆ ಇಡುವ ಬೆಂಕಿ. ಮೊಣಕಾಲೆತ್ತರದ ಜ್ವಾಲೆ ನೆಲ ಸವರಿಕೊಂಡು ಹೋಗುತ್ತದೆ, ದೊಡ್ಡ ಮರಗಳ ತೊಗಟೆ ಕಪ್ಪಾಗುವುದು ಬಿಟ್ಟರೆ ಹೆಚ್ಚಿನ ಹಾನಿಯಿಲ್ಲ. ಉಣ್ಣಿ ಸಾಯುತ್ತದೆ, ಹೊಸ ಹುಲ್ಲು ಚಿಗುರಿ ಕಾಟಿ, ಜಿಂಕೆಗಳಿಗೆ ಮೇವಾಗುತ್ತದೆ, ನಡೆಯಲು ದಾರಿ ಕಾಣುತ್ತದೆ. ನೆಲ್ಲಿ ಮರದ ಕೊಂಬೆಗೆ ಅಂಟಿ ರಸ ಹೀರುವ ಬದನಿಕೆಯನ್ನು ಸೋಲಿಗರು ಉಪ್ಪಿಲು ಎನ್ನುತ್ತಾರೆ. ಅದನ್ನು ಹತೋಟಿಯಲ್ಲಿಟ್ಟಿದ್ದೂ ಈ ಬೆಂಕಿಯೇ ಎಂಬುದು ಅವರ ವಿವರಣೆ.

ಈಗ ಇತಿಹಾಸ, ಆದಷ್ಟು ಚುಟುಕಾಗಿ. ಬ್ರಿಟಿಷರ ಕಾಲದಲ್ಲಿ ಈ ಬೆಟ್ಟಕ್ಕೆ ಇಬ್ಬರು ಒಡೆಯರು. ಮೈಸೂರು ಸಂಸ್ಥಾನದ ಕಡೆಯ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಸೀಮೆ. ಕೊಳ್ಳೇಗಾಲ 1956ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಕನಾದ ಹ್ಯೂ ಕ್ಲೆಗಾರ್ನ್ ಕುಮರಿ ಬೇಸಾಯದ ಕಟ್ಟಾ ವಿರೋಧಿ. ರೈಲು, ಹಡಗುಗಳಿಗೆ ಮರ ಬೇಕಿದ್ದ ಸರ್ಕಾರಕ್ಕೆ ಆ ವಾದ ಹಿಡಿಸಿತು. ಮುಂದೆ ಬಂದ ಅರಣ್ಯ ಕಾನೂನುಗಳು ಕಾಡನ್ನು ಸರ್ಕಾರದ ಸೊತ್ತೆಂದು ಸಾರಿದವು. ತಮಾಷೆಯೆಂದರೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇದೇ ಬೆಟ್ಟದಲ್ಲಿ ಬಿಳಿಯ ಪ್ಲಾಂಟರುಗಳು ನೂರಾರು ಎಕರೆ ಕಾಡು ಸವರಿ ಕಾಫಿ ತೋಟ ಮಾಡಿದರು. ಸವರಿ ಮತ್ತೆ ಕಾಡಿಗೆ ಬಿಟ್ಟುಕೊಡುವುದು ಅಪರಾಧವಾಯಿತು, ಸವರಿ ಬೇಲಿ ಹಾಕಿಕೊಂಡದ್ದು ಆಸ್ತಿಯಾಯಿತು. ಆ ಎಸ್ಟೇಟುಗಳು ಕೈ ಬದಲಿಸಿ ಇಂದಿಗೂ ಅಲ್ಲೇ ಇವೆ.

ಆದರೂ ಸೋಲಿಗರ ಹೊಲಗಳು ಅಲ್ಲಲ್ಲಿ ನಡೆದೇ ಇದ್ದವು. ಪೂರ್ತಿ ನಿಂತದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ. 1974ರಲ್ಲಿ ಸುಮಾರು 324 ಚದರ ಕಿಲೋಮೀಟರ್ ಕಾಡು ಅಭಯಾರಣ್ಯವಾಯಿತು, 1987ರಲ್ಲಿ ಅದು 540ರ ಹತ್ತಿರ ಬಂತು. ಬೇಟೆ ನಿಂತಿತು, ಕುಮರಿ ನಿಂತಿತು, ತರಗು ಬೆಂಕಿ ನಿಂತಿತು. ಎಲ್ಲೆಯೊಳಗೆ ಓಡಾಡಿಕೊಂಡಿದ್ದ ಕುಟುಂಬಗಳನ್ನು ರಸ್ತೆಯ ಬದಿಯ ಪೋಡುಗಳಿಗೆ ತಂದು ಕೂರಿಸಿ, ತಲಾ ಕೆಲವೇ ಎಕರೆ ಖಾಯಂ ಹೊಲ ತೋರಿಸಿದರು. ಸುತ್ತುವ ಬೇಸಾಯವನ್ನು ಒಂದೇ ಕಡೆ ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದು ಮೇಲಿನ ಲೆಕ್ಕ ನೋಡಿದವರಿಗೆ ಹೊಳೆಯಬೇಕು. ಗೊಬ್ಬರಕ್ಕೆ ಜಾನುವಾರಿಲ್ಲದೆ ಮಣ್ಣು ಬಡವಾಯಿತು. ಬಂದ ಬೆಳೆಯನ್ನು ಹಂದಿ, ಆನೆ ಮುಗಿಸಿದವು.

ಆಗ ಉಳಿದದ್ದು ಕಾಡಿನ ಕಿರು ಉತ್ಪನ್ನ. ಆದಿವಾಸಿಗಳಿಗಾಗಿ ಸರ್ಕಾರ ಕಟ್ಟಿದ ‘ಲ್ಯಾಂಪ್ಸ್’ ಎಂಬ ವಿವಿಧೋದ್ದೇಶ ಸಹಕಾರ ಸಂಘಗಳು ಜೇನು, ನೆಲ್ಲಿ, ಸೀಗೆ, ಅಂಟುವಾಳ, ಮರದ ಪಾಚಿಯನ್ನು ಕೊಂಡುಕೊಳ್ಳತೊಡಗಿದವು. 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆ, ಶಾಲೆಗಳ ಜೊತೆಗೆ ಈ ಉತ್ಪನ್ನಗಳ ಸಂಸ್ಕರಣೆಗೂ ಕೈಹಾಕಿತು. 1990ರ ದಶಕದ ಅಧ್ಯಯನಗಳಲ್ಲಿ ಸೋಲಿಗರ ಕೈಗೆ ಬರುವ ನಗದಿನ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಇದರಿಂದಲೇ ಬರುತ್ತಿತ್ತು. ರೈತರಾಗಿದ್ದವರು ಆಯುವವರಾದರು. ನಮ್ಮ ಕಣ್ಣಿಗೆ ಬಿದ್ದದ್ದು ಆ ಮೇಲಿನ ಚಿತ್ರ.

ಅದೂ ಉಳಿಯಲಿಲ್ಲ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ನಂತರ ಅಭಯಾರಣ್ಯದಿಂದ ಏನನ್ನೂ ತೆಗೆದು ಮಾರುವಂತಿಲ್ಲ ಎಂಬ ಅರ್ಥ ಬಂತು. 2006ರ ವೇಳೆಗೆ ಬಿಳಿಗಿರಿಯಲ್ಲಿ ಸಂಗ್ರಹ ನಿಂತೇಹೋಯಿತು. ಹೊಲ ಕಳೆದುಕೊಂಡವರಿಗೆ ಬದಲಿಯಾಗಿ ಸಿಕ್ಕಿದ್ದ ಕೆಲಸವೂ ಹೋಯಿತು. ಅನೇಕರು ಕೂಲಿಗೆ ಎಸ್ಟೇಟುಗಳಿಗೆ, ಕೇರಳ ಮತ್ತು ಕೊಡಗಿನ ಕಡೆಗೆ ಹೊರಟರು.

ಈ ನಡುವೆ ಕಾಡು ಸುಮ್ಮನಿರಲಿಲ್ಲ. ಬಿಳಿಗಿರಿಯಲ್ಲಿ 1997ರಲ್ಲಿ ಸಂಶೋಧಕರು ಪರೀಕ್ಷಿಸಿದ ತಾಕುಗಳಲ್ಲಿ ಸುಮಾರು ನೂರಕ್ಕೆ 41ರಲ್ಲಿ ಹೊರನಾಡಿನಿಂದ ಬಂದ ಕಳೆ ಪೊದೆಯಾದ ಲಂಟಾನ ಇತ್ತು; 2008ರಲ್ಲಿ ಮತ್ತೆ ನೋಡಿದಾಗ ನೂರಕ್ಕೆ 81ರಲ್ಲಿ. ಬೆಂಕಿ ನಿಲ್ಲಿಸಿದ್ದೇ ಕಾರಣ, ತರಗು ಬೆಂಕಿಯಲ್ಲಿ ಲಂಟಾನದ ಎಳೆ ಸಸಿ ಸುಟ್ಟುಹೋಗುತ್ತಿತ್ತು ಎಂದು ಸೋಲಿಗರು ಹೇಳುತ್ತಾರೆ. ಉಪ್ಪಿಲು ಹೆಚ್ಚಿ ನೆಲ್ಲಿ ಮರಗಳು ಸೊರಗಿದ್ದಕ್ಕೂ ಅವರು ಕೊಡುವ ಕಾರಣ ಇದೇ. ವಿಜ್ಞಾನಿಗಳೆಲ್ಲರೂ ಇದನ್ನು ಇಡಿಯಾಗಿ ಒಪ್ಪಿಲ್ಲ. ಲಂಟಾನದ ಬೀಜವನ್ನು ಹಕ್ಕಿಗಳು ಹರಡುತ್ತವೆ, ಬೆಂಕಿಯೇ ಕಾಣದ ಕಡೆಯೂ ಬೆಂಕಿ ಬಿದ್ದ ಕಡೆಯೂ ಅದು ಬೆಳೆದಿದೆ. ಆದರೆ ಒಂದು ಮಾತು ಒಪ್ಪಲೇಬೇಕು. ವರ್ಷವರ್ಷ ಸಣ್ಣಗೆ ಸುಡದೆ ಬಿಟ್ಟ ತರಗು, ಒಣಗಿದ ಲಂಟಾನದ ಕಡ್ಡಿಯ ಜೊತೆ ಸೇರಿ ಏಪ್ರಿಲ್ ತಿಂಗಳಲ್ಲಿ ಹೊತ್ತಿಕೊಂಡರೆ ಅದನ್ನು ಆರಿಸುವುದು ಯಾರ ಕೈಯಲ್ಲೂ ಆಗುವುದಿಲ್ಲ. ಈಗ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನದ ಕಡ್ಡಿ ಬೇಯಿಸಿ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಿದ್ದಾರೆ. ಒಳ್ಳೆಯ ಕಸುಬು, ಆದರೆ ಕಾಡು ತುಂಬಿದ ಲಂಟಾನಕ್ಕೆ ಕುರ್ಚಿಗಳು ಉತ್ತರವಾಗಲಾರವು.

ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಅಂಗೀಕಾರವಾಗಿ 2007ರ ಡಿಸೆಂಬರ್ 31ರಂದು ಜಾರಿಗೆ ಬಂತು. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಎತ್ತಂಗಡಿಯ ಭಯದಲ್ಲಿದ್ದ ಸೋಲಿಗರು ಹಕ್ಕಿನ ಅರ್ಜಿ ಹಿಡಿದು ನಿಂತರು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ದೇಶದಲ್ಲೇ ಇದು ಮೊದಲು. ಜೇನು, ನೆಲ್ಲಿ ಸಂಗ್ರಹಿಸಿ ಮಾರುವ ಹಕ್ಕು, ದೇವರ ನೆಲೆಗಳಿಗೆ ಹೋಗುವ ಹಕ್ಕು ಕಾಗದದ ಮೇಲೆ ಮರಳಿದವು.

ಬೇಸಾಯದ ನೆಲದ ವಿಷಯದಲ್ಲಿ ಮಾತ್ರ ಕಾಯ್ದೆ ಹಳೆಯ ಕಣ್ಣಿನಿಂದಲೇ ನೋಡಿತು. ವೈಯಕ್ತಿಕ ಹಕ್ಕು ಕೇಳಬೇಕಾದರೆ ಆ ನೆಲ 2005ರ ಡಿಸೆಂಬರ್ 13ಕ್ಕೆ ಮುಂಚೆ ಅರ್ಜಿದಾರರ ಸ್ವಾಧೀನದಲ್ಲಿ ಇದ್ದಿರಬೇಕು, 4 ಹೆಕ್ಟೇರ್ ಮೀರಬಾರದು. 1974ರ ನಂತರ ಬಿಡಿಸಿದ ಹೊಲಗಳು ಆ ಹೊತ್ತಿಗೆ ಮೂವತ್ತು ವರ್ಷದ ಕಾಡಾಗಿದ್ದವು. 12 ಎಕರೆಯ ಸುತ್ತಿನಲ್ಲಿ ಲೆಕ್ಕಕ್ಕೆ ಬಂದದ್ದು ಕಣ್ಣಿಗೆ ಕಾಣುತ್ತಿದ್ದ 2 ಎಕರೆ ಮಾತ್ರ.

ಆ ಎರಡೋ ಮೂರೋ ಎಕರೆಯಲ್ಲಿ ಈಗ ಬೆಳೆಯುತ್ತಿರುವುದು ಬಹುಮಟ್ಟಿಗೆ ಕಾಫಿ. ಮಳೆ ಹೆಚ್ಚು ಬೀಳುವ ಮೇಲಿನ ಪೋಡುಗಳಲ್ಲಿ ಮನೆ ಹಿಂದಿನಿಂದಲೇ ಅರೇಬಿಕಾ ಗಿಡಗಳು ಶುರುವಾಗುತ್ತವೆ. ಮೇಲೆ ಹಳೆಯ ಕಾಡುಮರ, ಹಲಸು. ಮರಕ್ಕೆ ಹಬ್ಬಿದ ಮೆಣಸು. ಎಸ್ಟೇಟಿನಲ್ಲಿ ಕೂಲಿ ಮಾಡಿದವರು ರೆಂಬೆ ಸವರುವ ಕಸಿ, ಕೊಯ್ಲು, ಒಣಗಿಸುವುದನ್ನೆಲ್ಲ ಅಲ್ಲೇ ಕಲಿತಿದ್ದರು. ರಾಗಿಗೆ ಬರುವಂತೆ ಹಂದಿ, ಆನೆ ಕಾಫಿಗೆ ಬರುವುದಿಲ್ಲ, ಅಟ್ಟಣೆಯ ಮೇಲೆ ರಾತ್ರಿ ಕಳೆಯಬೇಕಿಲ್ಲ. ಕಾಫಿ ಹಬ್ಬಿದ್ದಕ್ಕೆ ಬೆಲೆಗಿಂತ ಇದೇ ದೊಡ್ಡ ಕಾರಣ. ನೆರಳಿನಡಿ ಬೆಳೆಯುವುದರಿಂದ ಕಾಡು ಕಡಿದರು ಎಂಬ ದೂರೂ ಬರುವುದಿಲ್ಲ. ತೊಡಕು ಬೇರೆ ಕಡೆ ಇದೆ. ಕಾಫಿ ಕಾಯಿ ಹಣ್ಣಾಗುವ ಮೊದಲೇ ಮುಂಗಡ ಕೊಟ್ಟ ವ್ಯಾಪಾರಿ ಬೆಲೆಯನ್ನೂ ತಾನೇ ನಿಗದಿ ಮಾಡುತ್ತಾನೆ. ನಾಲ್ಕು ಮೂಟೆ ಒಣ ಕಾಫಿಯನ್ನು ಚಾಮರಾಜನಗರದವರೆಗೆ ಹೊತ್ತು ಹೋಗುವ ಖರ್ಚು ಯೋಚಿಸಿ ಬೆಳೆಗಾರ ಒಪ್ಪುತ್ತಾನೆ. ಕೆಲವು ಪೋಡುಗಳು ಒಟ್ಟಾಗಿ ಸಾವಯವ ಕಾಫಿಯೆಂದು ನೇರವಾಗಿ ಮಾರಲು ಶುರುಮಾಡಿವೆ. ಅಲ್ಲಿ ಬೆಲೆಯೂ ಉತ್ತಮ, ಮಾತಿಗೂ ಬೆಲೆ.

ಊಟದ ರಾಗಿ ಈಗ ಪಡಿತರದ ಅಂಗಡಿಯಿಂದಲೋ ಸಂತೆಯಿಂದಲೋ ಬರುತ್ತದೆ, ಅಕ್ಕಿಯೇ ಹೆಚ್ಚು. ಕೆಳಗಿನ ಒಣ ಪೋಡುಗಳಲ್ಲಿ ಕೆಲವರು ಇನ್ನೂ ರಾಗಿ, ಅವರೆ ಬಿತ್ತುತ್ತಾರೆ. ಸುತ್ತ ಬೇಲಿ, ರಾತ್ರಿ ಕಾವಲು ಎಲ್ಲ ಇದ್ದೂ ಅರ್ಧ ಕೈಗೆ ಬಂದರೆ ಹೆಚ್ಚು. ಸಮುದಾಯ ಹಕ್ಕುಪತ್ರ ಕಾಡನ್ನು ಕಾಪಾಡುವ, ನಿರ್ವಹಿಸುವ ಅಧಿಕಾರವನ್ನೂ ಗ್ರಾಮಸಭೆಗೆ ಕೊಟ್ಟಿದೆ. ತರಗು ಬೆಂಕಿ ಆ ನಿರ್ವಹಣೆಯ ಭಾಗವೋ ಅಲ್ಲವೋ ಎಂಬ ಪ್ರಶ್ನೆಯನ್ನು ಸೋಲಿಗರು ಕೇಳುತ್ತಲೇ ಇದ್ದಾರೆ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಬೆಂಕಿ ಇಡುವುದು ಇಂದಿಗೂ ಅಪರಾಧ.